ಹುನ್ನೂರಿನ ಕಣದಲ್ಲಿ ನನ್ನ ವಿಮಾನ

ಜಮಖಂಡಿಯ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವ ನಾನು, ಕೈಯಾರೆ ಕಟ್ಟಿದ ಪುಟ್ಟ ಇಂಜಿನ್ ವಿಮಾನವನ್ನು ಮಾವನವರ ಕಣ್ಣೆದುರೇ ಹಾರಿಸಿ, ಅವರ ಬಾಯಿಂದ 'ಭಲೇ' ಅನ್ನಿಸಿಯೇ ತೀರುತ್ತೇನೆಂದು ಸಾರಿಬಿಟ್ಟೆ! ಮದುವೆಯಾದಂದಿನಿಂದ ಅವರು ನನ್ನನ್ನು ಒಮ್ಮೆಯೂ ಹೊಗಳಿಲ್ಲ.

"ಮದ್ಲ ಮನ್ಯಾಗಿನ ಮಿಕ್ಸರ್ ರಿಪೇರಿ ಮಾಡ್ರಿ," ಎಂದಳು ಹೆಂಡತಿ ಪ್ರತಿಮಾ. "ಆಮ್ಯಾಲ ಆಕಾಶ."

ಕೇಳುವವನೇ ನಾನು? ಭಾನುವಾರ ವಿಮಾನವನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಅವಳ ಜೊತೆ ಹುನ್ನೂರ ಬಸ್ಸು ಹತ್ತಿದೆ. ಮಾವ ಗಿರಮಲ್ಲಪ್ಪನವರ ಕಣವೇ ನಮ್ಮ ವಿಮಾನ ನಿಲ್ದಾಣ.

ಸಿರಿಂಜಿನಿಂದ ಎಣ್ಣೆ ಬಿಟ್ಟು ಇಂಜಿನ್ನಿನ ಟಾಕಿ ತುಂಬಿಸಿದೆ. ವಿಮಾನದ ಹೊಟ್ಟೆಯಡಿಯ ನಳಿಕೆಯಿಂದ ಒಂದಿಷ್ಟು ಎಣ್ಣೆ ಹೊರಚೆಲ್ಲಿತು. ಟಾಕಿ ತುಂಬಿತೆಂಬುದಕ್ಕೆ ಅದೇ ಗುರುತು, ಗಾಳಿ ಒಳಹೋಗುವ ದಾರಿಯೂ ಅದೇ. ಕೈ ತೊಳೆದು ಬಂದು ವಿಮಾನದ ಮೂತಿಯ ಪಂಖ ತಿರುವಿದೆ. ಭರ್ರ್! ಮಾವನವರ ಹುಬ್ಬು ಮೇಲೇರಿತು. ಪುಸ್ಸ್! ಹುಬ್ಬು ಇಳಿಯಿತು. ಮತ್ತೆ ಭರ್ರ್, ಮತ್ತೆ ಪುಸ್ಸ್!

ಟಾಕಿ ತಗ್ಗಿನಲ್ಲಿ ಕೂತಿದೆಯೆಂದು ಅಡಿಗೆ ಸ್ಪಂಜು ಕೊಟ್ಟು ಎತ್ತರಿಸಿದೆ. ಎತ್ತರ ಹೆಚ್ಚಾಯಿತೆಂದು ಇಳಿಸಿದೆ. ನೆತ್ತಿ ಕಾಯಿತು, ಅಂಗಿಯೆಲ್ಲ ಇಂಧನಕ್ಕೆ ಬೆರೆಸಿದ ಔಡಲೆಣ್ಣೆ ನಾರಿತು. ಹಾಳಾದ ಇಂಜಿನ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ರೊಟ್ಟಿ ಆರಾಕತ್ತಾವು," ಎಂದಳು ಪ್ರತಿಮಾ. "ವಿಮಾನ ಹಾರತೈತೋ, ರೊಟ್ಟಿನ ಹಾರಸೂನೋ?"

"ನೀ ಸುಮ್ನ ಕುಂದರ!"

ಸಿಟ್ಟಿನಿಂದ ಟಾಕಿಯನ್ನೇ ಹೊರಗೆಳೆದು, ಎಣ್ಣೆಯನ್ನೆಲ್ಲ ಬಾಟಲಿಗೆ ಬಸಿದು ನೋಡಿದರೆ, ಗಾಳಿಯ ನಳಿಕೆಯ ತುದಿಗೆ ಬಟ್ಟೆ ಸಾಬೂನು ಮೆತ್ತಿದೆ!

"ಯಾರ ಕೆಲಸರೀ ಇದು?"

"ನಂದರಿ," ಎಂದರು ಮಾವ ಹೆಮ್ಮೆಯಿಂದ. "ನೀವು ಕೈ ತೊಳ್ಯಾಕ ಹೋದಾಗ ಎಣ್ಣಿ ಸೋರಾಕತ್ತಿತ್ತು. ನಮ್ಮ ಟ್ರ್ಯಾಕ್ಟರ್ ಟಾಕಿ ಸೋರಿದ್ರೂ ಸಾಬೂನ ಹಚ್ಚೂದ."

ಮೈಯೆಲ್ಲ ಉರಿದುಹೋಯಿತು! ಆದರೂ ಕಾಲೇಜು ಮಾಸ್ತರನಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಕ್ಕೀತೇ? ಸಾಬೂನು ಕಿತ್ತೊಗೆದು, ಟಾಕಿಯನ್ನು ಮತ್ತೆ ಕೂರಿಸುತ್ತಲೇ ಗಾಳಿಯ ಒತ್ತಡದ ಮೇಲೆ ಒಂದಿಡೀ ಪೀರಿಯಡ್ ಪಾಠ ಬಿಗಿದೆ. ಮಾವ ಕೈಕಟ್ಟಿ ಕೇಳಿದರು. ಆಹಾ, ನನ್ನ ಜನ್ಮ ಸಾರ್ಥಕ! ಇಂಜಿನ್ನಿನ ಬಾಯಿಗೆ ಎರಡು ಹನಿ ಎಣ್ಣೆ ಬಿಟ್ಟು ಪಂಖ ತಿರುವಿದೆ. ಭರ್ರ್ರ್! ಕಣದ ಹೊಟ್ಟು ಎಲ್ಲೆಡೆ ಹಾರಿತು. ಮಾವ "ಭ..." ಎಂದು ಬಾಯಿ ತೆರೆದರು.

ಪುಸ್ಸ್!

ತೆರೆದ ಬಾಯಿ ಮುಚ್ಚಿತು. ಪ್ರತಿಮಾ ನನ್ನ ಕಾಲ ಬಳಿಯ ಬಾಟಲಿಯನ್ನೆತ್ತಿ ನಮ್ಮಿಬ್ಬರಿಗೂ ಕಾಣುವಂತೆ ಅಲುಗಾಡಿಸಿದಳು. ಬಸಿದ ಎಣ್ಣೆಯೆಲ್ಲ ಅದರಲ್ಲೇ ಇತ್ತು.

ಮಾವನವರು ಬಹಳ ಮರ್ಯಾದೆಯಿಂದ ಕೇಳಿದರು:

"ಅಳಿಯಾರ, ನಮ್ಮ ಟ್ರ್ಯಾಕ್ಟರ್ ಎಣ್ಣಿ ಹಾಕಿದ್ರಷ್ಟ ಓಡತೈತ್ರಿ. ವಿಮಾನಕ್ಕ ಹಂಗೇನ ಇಲ್ಲೇನ್ರಿ?"