ಮಾವನ ಒಂದು ದಿನದ ನೌಕರಿಗಳು

ನಮ್ಮ ಸೋದರಮಾವನಷ್ಟು ನೌಕರಿ ಕಳೆದುಕೊಂಡವರು ಕೂಡ್ಲಿಗಿಯಲ್ಲೇ ಇಲ್ಲ. ಸೋಮಾರಿ ಎಂದುಕೊಂಡಿರಾ? ಛೇ ಛೇ! ಅಂಗವಿಕಲರಿಗೆ ಕಸುಬು ಕಲಿಸುವ ಕೇಂದ್ರದಲ್ಲಿ, ಯಾರಿಗೆ ಯಾವ ಕೆಲಸ ಒಗ್ಗುತ್ತದೆಂದು ಹೇಳಿ ಅದಕ್ಕೆ ಹಚ್ಚುವುದೇ ಅವನ ಉದ್ಯೋಗ. ಆದರೆ ಅವನದೊಂದು ಹುಚ್ಚು. ಯಾರನ್ನೇ ಕಳಿಸುವ ಮೊದಲು ಆ ಕೆಲಸವನ್ನು ತಾನೇ ಒಂದು ದಿನ, ಅವರಂತೆಯೇ ಇದ್ದು, ಮಾಡಿ ನೋಡಬೇಕು!

ನಡೆಯಲಾಗದ ಒಬ್ಬನ ಸಲುವಾಗಿ ಕೊಟ್ಟೂರಿನ ಮೊಬೈಲ್ ಅಂಗಡಿಯಲ್ಲಿ ಕುರ್ಚಿ ಬಿಟ್ಟೇಳದೆ ಕೂತ. ಮಧ್ಯಾಹ್ನದ ಹೊತ್ತಿಗೆ ಮಾಲೀಕ, ಇವನಿಗೆ ಲಕ್ವ ಹೊಡೆಯಿತೆಂದು ಹೆದರಿ ಆಟೋ ಕರೆಸಿದ. ಹಡಗಲಿಯಲ್ಲಿ ಒಂದೇ ಕೈಯಿಂದ ಹೊಲಿಯಲು ಹೋಗಿ ತನ್ನ ಅಂಗಿಯ ತೋಳನ್ನೇ ಗಿರಾಕಿಯ ಲಂಗಕ್ಕೆ ಸೇರಿಸಿ ಹೊಲಿದ! ‘ಮಾವ, ನಿನಗ್ಯಾಕ ಬೇಕು ಈ ಉಸಾಬರಿ?’ ಎಂದರೆ, ‘ಸುಮ್ನಿರಲೇ! ನಾನು ಮಾಡದ ಕೆಲಸಕ್ಕ ಇನ್ನೊಬ್ಬರನ್ನ ಹೆಂಗ ಕಳಸ್ಲಿ?’ ಎನ್ನುತ್ತಿದ್ದ.

ಹೋದ ವರ್ಷ, ಕೇಂದ್ರದಲ್ಲಿ ಕಲಿಯುತ್ತಿದ್ದ ಚಿಗಟೇರಿಯ ಕಿವಿ ಕೇಳದ ಹುಡುಗಿಯೊಬ್ಬಳಿಗೆ ಕೆಲಸ ಕೊಡಲು ಹರಪನಹಳ್ಳಿಯ ಬೇಕರಿಯೊಂದರ ಮಾಲೀಕ ಒಪ್ಪಿದ್ದ. ಬನ್ನು ಬೆಂದಿತೆಂಬುದು ಅವಳಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು. ಅವಳಪ್ಪ ಮಾತ್ರ, ‘ಈ ನೌಕರಿ ಸಿಗದಿದ್ರ ಕೇಂದ್ರ ಬಿಡಸ್ತೀನಿ’ ಎಂದಿದ್ದ. ಸುಮ್ಮನೆ ಕಳಿಸಿಬಿಟ್ಟಿದ್ದರೆ ಮುಗಿಯುತ್ತಿತ್ತು! ಮಾವ ಅವಳು ಕೆಲಸಕ್ಕೆ ಸೇರುವ ಹಿಂದಿನ ದಿನವೇ ಕಿವಿಗೆ ಹತ್ತಿ ತುರುಕಿ, ಮೇಲೊಂದು ಮಫ್ಲರ್ ಸುತ್ತಿಕೊಂಡು ಬೇಕರಿಯಲ್ಲಿ ನಿಂತ. ಬೆನ್ನ ಹಿಂದೆ ಗಿರಾಕಿಗಳು ಕೂಗಿ ಕೂಗಿ ಸೋತರು. ಇವನು ಡಬ್ಬಿ ಒರೆಸುತ್ತಲೇ ಇದ್ದ. ಓವನ್ನಿನ ಗಂಟೆ ಬಡಿದುಕೊಂಡಿತು, ಬನ್ನೆಲ್ಲ ಇದ್ದಿಲಾಯಿತು.

‘ಕಿವಿ ಇದ್ದ ನಿಮ್ಮ ಕೈಲೇ ಆಗ್ಲಿಲ್ಲ, ಆ ಹುಡುಗಿ ಏನ್ ಮಾಡ್ತಾಳ? ಬ್ಯಾಡ್ರಿ ಸರ್’ ಎಂದ ಮಾಲೀಕ, ಮಫ್ಲರ್ ಬಿಚ್ಚಿಸಿ ಹತ್ತಿ ತೆಗೆಸಿ.

‘ಆಕಿ ಹುಟ್ಟಿದಾಗಿಂದ ಹಿಂಗ ಅದಾಳ್ರಿ, ನಾನು ಮುಂಜಾನಿಂದ!’ ಎಂದು ಮಾವ ಎಷ್ಟು ಬೇಡಿಕೊಂಡರೂ ಅವನು ಒಪ್ಪಲಿಲ್ಲ.

ಸಂಜೆ ಚಿಗಟೇರಿಗೆ ಹೋಗುವಾಗ ನಾನೂ ಜೊತೆಗಿದ್ದೆ. ನಾಳೆ ತೊಡುವ ಬಟ್ಟೆಗೆ ಇಸ್ತ್ರಿ ಮಾಡಿಟ್ಟು ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಕೈಸನ್ನೆಯಲ್ಲಿ ಅವಳೊಡನೆ ಗಂಟೆಗಟ್ಟಲೆ ಹರಟುತ್ತಿದ್ದ ಮಾವ ಎರಡೂ ಕೈ ಎತ್ತಿದ. ಒಂದು ಸನ್ನೆ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ. ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಮುಂದೆ ಬಂದು, ಹೇಳುವುದೇ ಬೇಡವೆಂಬಂತೆ, ಆ ಎರಡೂ ಕೈಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು.

ಒಳಗಿಂದ ಅವಳಪ್ಪ, ‘ಏನಾತ್ರಿ ಸರ್?’ ಎಂದು ಕೇಳುತ್ತಲೇ ಇದ್ದ.