ಮಾವನವರು ಮೀನಿಗೆ ಸೋಸಿದ ನೀರು

ಹಿರಿಯೂರಿನಲ್ಲಿ ಎಲ್ಲರಿಗಿಂತ ಪುಕ್ಕಲು ಯಾರು ಎಂದು ಪಂದ್ಯ ಇಟ್ಟಿದ್ದರೆ ನಮ್ಮ ಮಾವನವರೇ ಗೆಲ್ಲುತ್ತಿದ್ದರು. ಆದರೆ ಅಷ್ಟು ಜನರ ಮುಂದೆ ಹೋಗಿ ಬಹುಮಾನ ತೆಗೆದುಕೊಳ್ಳಲು ಹೆದರಿ ಮಗನನ್ನು ಕಳಿಸುತ್ತಿದ್ದರು! ಗುಡುಗು, ಗೂಳಿ, ಅಮಲ್ದಾರರು, ಹಲ್ಲಿ ಲೊಚಗುಟ್ಟುವುದು, ಹಲ್ಲಿ ಲೊಚಗುಟ್ಟದೆ ಸುಮ್ಮನಿರುವುದು, ಎಲ್ಲವೂ ಅವರಿಗೆ ಭಯವೇ. ಹೆಸರು ಹೇಳು ಎನ್ನುತ್ತೀರಾ? ಮಾವನ ಹೆಸರನ್ನು ಸೊಸೆ ಹೇಳುವ ರೂಢಿ ನಮ್ಮಲ್ಲಿಲ್ಲ. ಹೇಳಿದ್ದರೆ ಅದಕ್ಕೂ ಹೆದರುತ್ತಿದ್ದರೋ ಏನೋ.

ನಾನೇನು ದೊಡ್ಡ ಧೈರ್ಯವಂತೆ ಎಂದುಕೊಳ್ಳಬೇಡಿ. ಈಗ ಹೇಳುತ್ತಿರುವುದು ನಾನು ಚೊಚ್ಚಲ ಬಸುರಿಯಾಗಿದ್ದ ಬೇಸಿಗೆಯ ಮಾತು. ಆರು ತಿಂಗಳಾಗಿತ್ತು. ಧರ್ಮಪುರದ ಕಡೆ ವಾಂತಿಭೇದಿ ಶುರುವಾಗಿದೆ ಎಂಬ ಸುದ್ದಿ ಬಂದ ದಿನದಿಂದ ನನಗೆ ನಿದ್ದೆ ಇರಲಿಲ್ಲ. ಮಾವನವರಿಗಂತೂ ಅದಕ್ಕೆ ಮೊದಲೂ ಇರಲಿಲ್ಲ ಬಿಡಿ.

ಅವರು ಕಣಿವೆಯ ಅಣೆಕಟ್ಟೆಯ ಕೆಲಸದಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿದ್ದ ಬಿಳಿಯ ದೊರೆಯೊಬ್ಬರು ಊರು ಬಿಡುವಾಗ ತಮ್ಮ ಗಾಜಿನ ತೊಟ್ಟಿಯನ್ನೂ ಅದರೊಳಗಿನ ಬೆರಳುದ್ದದ ಎರಡು ಮೀನುಗಳನ್ನೂ ಇವರಿಗೆ ಕೊಟ್ಟು, ನೀರು ಚೊಕ್ಕಟವಾಗಿರದಿದ್ದರೆ ಇವು ಸಾಯುತ್ತವೆ ಎಂದು ಎಚ್ಚರಿಸಿದರಂತೆ. ದೊರೆಗೆ ಬೇಡ ಎನ್ನಲು ಹೆದರಿಕೆ, ಮನೆಗೆ ತಂದರೆ ಅತ್ತೆಯವರ ಹೆದರಿಕೆ! ದೊರೆಯ ಹೆದರಿಕೆಯೇ ಗೆದ್ದು, ಲಿಂಗಪೂಜೆಯ ಮನೆಯ ಪಡಸಾಲೆಯಲ್ಲಿ ಮೀನು ಬಂದು ಕೂತವು. ಕೇರಿಯ ಹೆಂಗಸರು ಉಪ್ಪು ಸಾಲ ಕೇಳುವ ನೆಪದಲ್ಲಿ ಬಂದು ನಮ್ಮ ಒಲೆಯ ಮೇಲೇನಿದೆ ಎಂದು ಇಣುಕತೊಡಗಿದರು. ಭಿಕ್ಷಕ್ಕೆ ಬಂದ ಅಯ್ಯನವರು ಹೊಸ್ತಿಲಲ್ಲೇ ನಿಂತುಬಿಟ್ಟರು.

"ಇವು ಒಲೆ ಕಡೆಗೇನಾದ್ರೂ ಹೋಗ್ತವೇನ್ರಿ?"

"ಇಲ್ರಿ ಬುದ್ಧಿ," ಎಂದು ಮಾವನವರು ಕೈಮುಗಿದರು. "ಅನ್ನದಗುಳು ಬಿಟ್ರೆ ಇನ್ನೇನೂ ಮುಟ್ಟಲ್ಲ. ಇವೂ ನಮ್ಮಂಗೇ."

ನಮ್ಮ ಹಿತ್ತಲ ಬಾವಿಯ ನೀರು ತುಸು ಸವಳು, ಮೇಲೆ ಬೇವಿನೆಲೆ ಬೇರೆ. ಅದನ್ನು ಮೀನಿಗೆ ಯೋಗ್ಯ ಮಾಡುವುದರಲ್ಲೇ ಮಾವನವರ ಬೆಳಗು ಕಳೆಯುತ್ತಿತ್ತು. ಮರದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಮೂರು ಗಡಿಗೆ. ಮೇಲಿನದರಲ್ಲಿ ಇದ್ದಲು, ನಡುವಿನದರಲ್ಲಿ ವೇದಾವತಿಯ ಮರಳು, ಕೆಳಗಿನದರಲ್ಲಿ ತೊಟ್ಟಿಕ್ಕಿದ ನೀರು. ಆ ಮರಳನ್ನು ಮೊರಕ್ಕೆ ಹಾಕಿಕೊಂಡು ಅಕ್ಕಿಯಲ್ಲಿ ಆರಿಸಿದಂತೆ ಕಲ್ಲು ಆರಿಸುತ್ತಿದ್ದರು. ಮರಳಿನಲ್ಲಿ ಕಲ್ಲು! ಅತ್ತೆಯವರು ಒಮ್ಮೆ ಕೇಳಿಯೇಬಿಟ್ಟರು, ಕಲ್ಲೆಲ್ಲ ಆರಿಸಿದ ಮೇಲೆ ಉಳಿಯುವುದೇನು ಎಂದು. ಮಾವನವರು ಅರ್ಧ ದಿನ ಯೋಚಿಸಿ ಮತ್ತೆ ಮೊರ ಎತ್ತಿಕೊಂಡರು.

ಇಷ್ಟಾದ ಮೇಲೆ ಒಂದು ಕಟ್ಟಳೆ ಬಂತು. ಮೀನು ಬದುಕಿದ ನೀರು ಮನುಷ್ಯರಿಗೆ ಮೋಸ ಮಾಡುವುದಿಲ್ಲ ಎಂಬುದು ಅವರ ನಂಬಿಕೆ. ಹಾಗಾಗಿ ನಮಗೂ ಅದೇ ಗಡಿಗೆಯ ನೀರು. ದಿನಾ ಬೆಳಿಗ್ಗೆ ಅವರು ತೊಟ್ಟಿಯ ಮುಂದೆ ಕೂತು, ಮೀನು ಬಾಲ ಅಲ್ಲಾಡಿಸಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮನೆಯಲ್ಲಿ ನೀರು ಕುಡಿಯಲು ಅಪ್ಪಣೆ. ಒಂದು ದಿನ ಎರಡೂ ಮೀನು ಮೂಲೆಯಲ್ಲಿ ಸುಮ್ಮನೆ ನಿಂತುಬಿಟ್ಟು, ನಾವು ಬೆಳಗಿನ ರೊಟ್ಟಿಯನ್ನು ಬರೀ ಮಜ್ಜಿಗೆಯಲ್ಲಿ ನುಂಗಿದೆವು. ಆ ಮಜ್ಜಿಗೆಗೆ ಬೆರೆಸಿದ ನೀರು ಯಾವುದು ಎಂದು ಅವರಿಗೆ ಹೊಳೆಯಲಿಲ್ಲ, ನಾವೂ ಹೇಳಲಿಲ್ಲ.

ಅಷ್ಟರಲ್ಲಿ ವಾಂತಿಭೇದಿ ಹಿರಿಯೂರಿಗೇ ಬಂತು. ಹೊಳೆಯ ಬದಿಯ ಕೇರಿಯಲ್ಲಿ ಮೂವರು ಹೋದರು. ಹೊಟ್ಟೆ ಗುಡುಗುಟ್ಟಿದರೆ ಸಾಕು, ನನಗೂ ಬಂದೇಬಿಟ್ಟಿತು ಎಂದುಕೊಳ್ಳುತ್ತಿದ್ದೆ. ಯಜಮಾನರು ಕಚೇರಿ ಕೆಲಸದ ಮೇಲೆ ದುರ್ಗದಲ್ಲಿದ್ದರು. ಊರ ಬಾವಿಗಳಿಗೆಲ್ಲ ಕೆಂಪು ಔಷಧಿ ಹಾಕುತ್ತಾರೆಂದು ಡಂಗುರವಾಯಿತು. ಮಾವನವರಿಗೆ ರೋಗಕ್ಕಿಂತ ಔಷಧಿಯ ಭಯ! ಔಷಧಿ ಹಾಕುವವರು ಬರುವ ಮೊದಲೇ ಬಾವಿಯ ನೀರನ್ನು ಕೊಡಗಟ್ಟಲೆ ಸೇದಿಸಿದರು. ಈ ಸಲ ಸೋಸಿದ್ದಷ್ಟೇ ಸಾಲದೆಂದು ಹಂಡೆಯಲ್ಲಿ ಕುದಿಸಿ ಆರಿಸಿದರು. ಉಪ್ಪಿನಕಾಯಿ ಭರಣಿಗಳೂ ಖಾಲಿಯಾಗಿ ನೀರು ತುಂಬಿಕೊಂಡವು. ಸಂಜೆ ಔಷಧಿಯವರು ಬಂದರು, ಬಾವಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ನಾಳೆ ರಾತ್ರಿಯವರೆಗೆ ಯಾರೂ ಸೇದಬಾರದೆಂದು ಹೇಳಿ ಹೋದರು. ಮೀನಿಗೂ ಅನ್ಯಾಯವಾಗಬಾರದೆಂದು ಮಾವನವರು ತೊಟ್ಟಿಯ ಹಳೆಯ ನೀರು ಚೆಲ್ಲಿ ಕುದಿಸಿ ಆರಿಸಿದ ನೀರನ್ನೇ ತುಂಬಿದರು.

ಬೆಳಿಗ್ಗೆ ನೋಡಿದರೆ ಎರಡೂ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಕುದಿಸಿದ ನೀರಿನಲ್ಲಿ ಮೀನಿಗೆ ಉಸಿರು ಸಿಗುವುದಿಲ್ಲವೆಂದು ನಮಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ಗೊತ್ತಿದ್ದದ್ದು ಒಂದೇ, ಮನೆಯ ಪಾತ್ರೆಗಳಲ್ಲೆಲ್ಲ ಇದ್ದದ್ದು ಆ ಮೀನು ಸತ್ತ ನೀರು. ಅಕ್ಕಪಕ್ಕದ ಬಾವಿಗಳೂ ಕೆಂಪಾಗಿದ್ದವು. ಹೊಳೆಯ ಕಡೆ ಹೋಗುವಂತಿರಲಿಲ್ಲ. ಹಿರಿಯೂರಿನ ಬಿಸಿಲು ನಿಮಗೆ ಗೊತ್ತಲ್ಲ! ಹೊತ್ತೇರುವ ವೇಳೆಗೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿತು, ಕಣ್ಣು ಕತ್ತಲೆ ಬಂತು. ಒಂದು ಗುಟುಕು ಕೊಡಿ ಎಂದು ಅತ್ತೆಯವರನ್ನು ಬೇಡಿದೆ. ಅವರು ಚೆಂಬು ಹಿಡಿದು ಅಳುತ್ತಾ ನಿಂತರು.

"ಬ್ಯಾಡವ್ವ," ಎಂದರು ಮಾವನವರು. "ನೀನೀಗ ಒಬ್ಬಳೇ ಅಲ್ಲ."

ಹಾಗೆಂದವರು ಅತ್ತೆಯವರ ಕೈಯಿಂದ ಚೆಂಬು ಕಿತ್ತುಕೊಂಡು ತಾವೇ ಎತ್ತಿ ಕುಡಿದುಬಿಟ್ಟರು. ಆತುರಕ್ಕೆ ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಚೆಲ್ಲಿದ್ದು ಲೆಕ್ಕಕ್ಕೆ ಬರುವುದಿಲ್ಲವೆಂದು ಇನ್ನೊಂದು ಚೆಂಬು ತುಂಬಿ ಅದನ್ನೂ ಕುಡಿದರು.

"ಹೊತ್ತು ಇಳಿಯೋಗಂಟ ನೋಡು," ಎಂದರು ಅತ್ತೆಯವರಿಗೆ. "ನಾನು ನೆಟ್ಟಗಿದ್ರೆ ಸೊಸೇಗೆ ಕೊಡು."

ಅವರು ಜಗಲಿಗೆ ಹೋಗಿ ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರು. ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದೆ. ಬೆವರು ಧಾರಾಕಾರ. ಆಗಾಗ ಹೊಟ್ಟೆ ಮುಟ್ಟಿಕೊಳ್ಳುವರು, ನಾಡಿ ಹಿಡಿದುಕೊಳ್ಳುವರು. ಒಮ್ಮೆ ತೇಗು ಬಂದಾಗ ಕಣ್ಣು ಮುಚ್ಚಿ ಗೋಡೆಗೆ ಒರಗಿದರು. ಆಮೇಲೆ ಒಂದು ಕಣ್ಣು ತೆರೆದು, ಇನ್ನೂ ಜಗಲಿಯಲ್ಲೇ ಇದ್ದೇನೆಂದು ಖಾತ್ರಿ ಮಾಡಿಕೊಂಡು ಮತ್ತೆ ನೆಟ್ಟಗೆ ಕೂತರು. ಎದ್ದು ಒಳಗೆ ಬರಲಿಲ್ಲ.

ನೆರಳು ಅಂಗಳ ದಾಟಿದ ಮೇಲೆ ತಾವೇ ಚೆಂಬು ತಂದು ನನ್ನ ಮುಂದೆ ಹಿಡಿದರು. ಗಟಗಟನೆ ಕುಡಿದೆ. ಆ ಮನುಷ್ಯನನ್ನು ನೋಡಿ ಅಷ್ಟು ದಿನ ಸೆರಗಿನ ಮರೆಯಲ್ಲಿ ನಕ್ಕದ್ದು ನೆನೆದು ನಾಚಿಕೆಯಾಯಿತು, ಅಳು ಬಂತು. ಕಾಲು ಮುಟ್ಟಲು ಬಗ್ಗಿದೆ. ಬಸುರಿ ಬಗ್ಗಬಾರದೆಂದು ಅವರು ಗಾಬರಿಯಿಂದ ಹಿಂದೆ ಸರಿದರು.

"ಹೆದರ್ಕಬ್ಯಾಡವ್ವ," ಎಂದರು. ಅವರ ಬಾಯಿಂದ ನಾನು ಆ ಮಾತು ಕೇಳಿದ್ದು ಅದೊಂದೇ ಸಲ.