ಪ್ರಾಕ್ಸಿಯ ದಾರಿಯಲ್ಲಿ ಗುಂಡ್ಲುಪೇಟೆ

ನೇರವಾಗಿ ಹೋದರೆ ಎಲ್ಲಿ ಬೇಗ ತಲುಪಿಬಿಡುತ್ತೇವೋ ಎಂಬ ಭಯದಿಂದಲೇ ಮನುಷ್ಯ ಮಧ್ಯವರ್ತಿಯನ್ನು ಸೃಷ್ಟಿಸಿಕೊಂಡ ಎಂಬುದು ನನ್ನ ಗುಮಾನಿ. ಚಾಮರಾಜನಗರದ ನಮ್ಮ ಕಚೇರಿಯ ಕಂಪ್ಯೂಟರುಗಳಿಗೂ ಅಂಥ ಒಬ್ಬ ಮಹಾಶಯನಿದ್ದಾನೆ. ಹೆಸರು ಪ್ರಾಕ್ಸಿ ಸರ್ವರ್, ವಾಸ ಬೆಂಗಳೂರಿನ ಕೇಂದ್ರ ಕಚೇರಿ. ಇಂಟರ್‌ನೆಟ್ಟಿನಲ್ಲಿ ಪಕ್ಕದೂರಿನ ಕಚೇರಿಯ ಪುಟ ಬೇಕೆಂದರೂ ಬೇಡಿಕೆ ಮೊದಲು ಅವನ ಸನ್ನಿಧಿಗೆ ಹೋಗಬೇಕು. ಅವನು ನಾನು ಯಾರೆಂದು ವಿಚಾರಿಸಿ, ಪುಟದ ನಡತೆ ಪರಿಶೀಲಿಸಿ, ತಾನೇ ಹೋಗಿ ತಂದು, ಬಿಚ್ಚಿ ನೋಡಿ, ಮತ್ತೆ ಕಟ್ಟಿ ಕಳಿಸಬೇಕು. ಎಲ್ಲ ಜಿಲ್ಲೆಗಳ ನೌಕರರೂ ಅವನೊಬ್ಬನ ಮುಂದೆಯೇ ಸಾಲು ನಿಂತಿರುತ್ತಾರೆ. ಓಡಾಟ ಬೇಸರವಾದಾಗ ಅವನು ಹಿಂದೆ ತಂದಿಟ್ಟ ತಂಗಳು ಪುಟವನ್ನೇ ಬಿಸಿಬಿಸಿ ಎಂಬಂತೆ ಬಡಿಸುವುದೂ ಉಂಟು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ನಿಮ್ಮ ಗಾಡಿ ಗಟ್ಟಿಮುಟ್ಟಾಗಿರಬಹುದು, ರಸ್ತೆ ಖಾಲಿ ಇರಬಹುದು. ಆದರೂ ಬುಡದಲ್ಲೇ ಗಾಡಿ ನಿಲ್ಲಿಸಿ ಸರ್ಕಾರಿ ಬಸ್ಸಿಗೆ ಕಾಯಬೇಕು. ಅಲ್ಲಾದರೆ ಕಾಡುಪ್ರಾಣಿಗಳ ಹಿತವಾದರೂ ಇದೆ. ಇಲ್ಲಿ ಯಾವ ಪ್ರಾಣಿಯ ಹಿತವೋ ನನಗೆ ತಿಳಿಯದು.

ವರ್ಗಾವಣೆಯ ಕಾಲ ಬರುವವರೆಗೆ ಇದನ್ನೆಲ್ಲ ಸಹಿಸಿಕೊಂಡಿದ್ದೆ. ನನ್ನ ಹೆಂಡತಿ ಮಂಜುಳಾ ಗುಂಡ್ಲುಪೇಟೆಯಲ್ಲಿ ಶಿಕ್ಷಕಿ, ಮನೆಯೂ ಅಲ್ಲೇ. ನಾನು ದಿನವೂ ಬಸ್ಸಿನಲ್ಲಿ ಜೋತುಬಿದ್ದು ಬಂದು ಹೋಗುವವನು. ಮಗಳು ಶಾಲೆಯ ಕಥೆ ಹೇಳಲು ಕಾದು ಕಾದು ಅರ್ಧ ಕಥೆಗೇ ನಿದ್ದೆ ಹೋಗುತ್ತಾಳೆ. ಹೀಗಿರುವಾಗ ಗುಂಡ್ಲುಪೇಟೆ ಕಚೇರಿಯಲ್ಲಿ ಒಂದೇ ಒಂದು ಜಾಗ ಖಾಲಿ ಬಿತ್ತು. ಇಂಟರ್‌ನೆಟ್ಟಿನಲ್ಲಿ ಮೊದಲು ಒತ್ತಿದವರಿಗೆ ಅದು. ಪಕ್ಕದ ಮೇಜಿನ ಸಿದ್ದರಾಜುವೂ ವರ್ಗಾವಣೆಯ ಪಟ್ಟಿಯಲ್ಲಿದ್ದ. "ಆ ಜಾಗ ನನಗೆ ಬಿಟ್ಟುಕೊಡಪ್ಪಾ" ಎಂದು ಕೇಳಿಬಿಡಬಹುದಿತ್ತು. ಆದರೆ ನಮ್ಮ ಕಡೆ ತನಗೆ ಬೇಕಾದ್ದನ್ನು ತಾನೇ ಕೇಳುವುದು ಮರ್ಯಾದೆಯಲ್ಲ. ಹೆಣ್ಣಾಗಲಿ, ಹೊಲಕ್ಕೆ ನೀರಾಗಲಿ, ದೊಡ್ಡವರ ಬಾಯಲ್ಲಿ ಕೇಳಿಸಬೇಕು. ಅದರಂತೆ ಕುದೇರಿನ ನಮ್ಮ ಮಾವನವರಿಗೆ ಹೇಳಿದೆ. ಅವರು ಪುಣಜನೂರಿನಲ್ಲಿರುವ ಸಿದ್ದರಾಜುವಿನ ಸೋದರಮಾವನಿಗೆ ಹೇಳುವುದು, ಆತ ಸಿದ್ದರಾಜುವಿಗೆ ಹೇಳುವುದು ಎಂದು ಏರ್ಪಾಡಾಯಿತು.

ಜಾಗ ಆರಿಸಿಕೊಳ್ಳುವ ದಿನ, ಮಾತು ಇಷ್ಟರಲ್ಲಿ ಸಿದ್ದರಾಜುವಿಗೆ ಮುಟ್ಟಿರುತ್ತದೆ ಎಂಬ ಧೈರ್ಯದಲ್ಲಿ, ಕಚೇರಿ ಕೆಲಸ ಕಚೇರಿ ಯಂತ್ರದಲ್ಲೇ ಆಗಲೆಂದು ಗಂಭೀರವಾಗಿ ಕಂಪ್ಯೂಟರಿನ ಮುಂದೆ ಕುಳಿತೆ. ಪರದೆಯ ಮೇಲೆ ಚಕ್ರ ಗಿರಗಿರ ತಿರುಗತೊಡಗಿತು. ಪಕ್ಕದಲ್ಲಿ ಸಿದ್ದರಾಜು ಮೊಬೈಲು ತೆಗೆದ.

"ಅದ್ರಲ್ ಯಾಕಣ್ಣಾ ಒದ್ದಾಡ್ತೀಯೆ? ಅದು ಊರೆಲ್ಲ ಸುತ್ಕಂಡ್ ಬತ್ತದೆ. ಮೊಬೈಲಲ್ ಒತ್ಬುಡು, ನೆಟ್ಟಗೋಯ್ತದೆ."

"ಮೊಬೈಲು ನೋಡಿ ಕೆಲಸ ಮಾಡೋ ವಯಸ್ಸಲ್ಲ ಕಣೋ ನಂದು" ಎಂದು ಗದರಿಸಿದೆ.

ಅಂತೂ ಪುಟ ಬಂತು. 'ಗುಂಡ್ಲುಪೇಟೆ: ಖಾಲಿ.' ಕುಲದೇವರನ್ನು ನೆನೆದು ಒತ್ತಿದೆ. ಚಕ್ರ ಮತ್ತೆ ತಿರುಗಿ, ಆ ಜಾಗ ಆಗಲೇ ಭರ್ತಿಯಾಗಿದೆ ಎಂದಿತು. ಮಹಾಶಯ ನನಗೆ ತೋರಿಸಿದ್ದು ಬೆಳಗಿನ ತಂಗಳು ಪುಟ. ಪಕ್ಕಕ್ಕೆ ತಿರುಗಿದರೆ ಸಿದ್ದರಾಜು ಹಲ್ಲು ಬಿಡುತ್ತಿದ್ದ. "ನಂಗೆ ಗುಂಡ್ಲುಪೇಟೆ ಸಿಕ್ಬುಡ್ತು ಕಣಣ್ಣಾ!"

ಪ್ರಾಕ್ಸಿಗೆ ಹಿಡಿಶಾಪ ಹಾಕುತ್ತ ಬಸ್ಸು ಹತ್ತಿದೆ. ಮರುದಿನ ಸಿದ್ದರಾಜು ಸಪ್ಪೆ ಮೋರೆ ಹೊತ್ತು ಬಂದ.

"ರಾತ್ರಿ ಪುಣಜನೂರಿಂದ ನಮ್ಮಾವ ಫೋನ್ ಮಾಡಿದ್ರು. ನಿಮ್ಮಾವ ಅಮಾಸೆ ಕಳೀಲಿ ಅಂತ ತಡ್ಕಂಡಿದ್ದು ನೆನ್ನೆ ಬಂದು ಏಳುದ್ರಂತೆ. ಅಲ್ಲ ಕಣಣ್ಣಾ, ಪಕ್ಕದಲ್ಲೇ ಕುಂತಿವ್ನಿ, ಒಂದ್ ಮಾತು ಏಳ್ಬಾರ್ದಾ? ನಂಗೆ ಕೊಳ್ಳೇಗಾಲ ಆದ್ರೂ ಆಯ್ತಿತ್ತು."

ನಮ್ಮಿಬ್ಬರ ಜಾಗ ಅದಲುಬದಲು ಮಾಡಿಕೊಳ್ಳಲು ಅವನು ಈಗಲೂ ತಯಾರು, ನಮ್ಮ ಕಚೇರಿಯ ಸಾಹೇಬರು ಒಪ್ಪಬೇಕಷ್ಟೆ. "ಈಗ್ಲಾದ್ರೂ ನೀವೇ ಹೋಗಿ ಸಾಹೇಬ್ರನ್ನ ಕೇಳ್ರೀ" ಎಂದು ಮಂಜುಳಾ ದಿನವೂ ತಲೆ ತಿನ್ನುತ್ತಾಳೆ. ಕೇಳದೆ ಬಿಡುತ್ತೇನೆಯೇ? ಸಾಹೇಬರ ಷಡ್ಡಕನ ಗುರುತಿರುವವರು ಯಾರಾದರೂ ಸಿಗುತ್ತಾರೇನೋ ಎಂದು ವಿಚಾರಿಸುತ್ತಲೇ ಇದ್ದೇನೆ.